ಪ್ರೌಢಶಾಲೆಯ ಮಕ್ಕಳ ಆರೋಗ್ಯವೂ ದಿನಚರಿಯೂ
(ದಿಬ್ಬೂರಹಳ್ಳಿಯಲ್ಲಿ ಮಾಡಿದ ಉಪನ್ಯಾಸ)

ಈ ಸೀಮೆಯ ಪ್ರೌಢಶಾಲಾ ವಿದ್ಯಾರ್ಥಿಗಳ ಆರೋಗ್ಯವನ್ನೂ ನಿತ್ಯದ ನಡೆವಳಿಕೆಯನ್ನೂ ಸಮೀಕ್ಷೆ ಮಾಡಬೇಕೆಂಬ ಆಲೋಚನೆಯು ಹುಟ್ಟಿರುವುದು ಸಂತೋಷದ ಸಂಗತಿ. ಆ ಕಾರ್ಯವನ್ನು ಯಾವ ಮನಸ್ಸಿನಿಂದ ಕೈಕೊಳ್ಳಬೇಕೆಂಬುದನ್ನು ಕುರಿತು ಎರಡು ಮಾತುಗಳನ್ನು ಅರಿಕೆಮಾಡಿಕೊಳ್ಳುವುದೇ ನನ್ನ ಉದ್ದೇಶವು.

ಸಾಮಾನ್ಯವಾಗಿ ನಾವು ಮಕ್ಕಳ ಅಭ್ಯಾಸಗಳನ್ನು ವಿಚಾರಿಸುವುದು ಅವರನ್ನು ತಿದ್ದುವುದಕ್ಕಾಗಿಯೇ ಹೊರತು ಅರಿಯುವುದಕ್ಕಾಗಿ ಅಲ್ಲ. ಇದರಿಂದ ಎಂತಹ ಅನ್ಯಾಯವಾಗುವುದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ಹಲ್ಲಿನ ಮೇಲೆ ಕಂದುಬಣ್ಣದ ಕಲೆಗಳಿರುವ ಬಾಲಕನನ್ನು ಕಂಡೊಡನೆ, “ನೀನು ಹಲ್ಲುಜ್ಜುವುದಿಲ್ಲವೇ?” ಎಂದು ಗದರಿಸುತ್ತೇವೆ. ಅವನು ನಾಚಿ ಬಾಯಿಗೆ ಕೈಯನ್ನು ಅಡ್ಡ ಹಿಡಿಯುತ್ತಾನೆ; ಕ್ರಮೇಣ ನಗುವುದನ್ನೇ ಬಿಡುತ್ತಾನೆ. ಆದರೆ ಸಂಗತಿಯೇನು? ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಆಳಕ್ಕೆ ಇಳಿದುವು. ಹಲವು ಊರುಗಳಲ್ಲಿ ಬಂಡೆಯೊಳಗಣ ಫ್ಲೋರೈಡ್ ಎಂಬ ವಸ್ತುವು ನೀರಿನೊಡನೆ ಮೇಲಕ್ಕೆ ಬಂದಿತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸುಮಾರು ಎಂಟು ವರ್ಷ ವಯಸ್ಸಿನೊಳಗೆ, ಹಲ್ಲಿನ ಹೊರಪದರವು ರೂಪುಗೊಳ್ಳುವ ಕಾಲದಲ್ಲಿ, ಮಿತಿಮೀರಿದ ನೀರನ್ನು ಕುಡಿದ ಮಗುವಿನ ಹಲ್ಲಿನಲ್ಲಿ ಕಲೆಯು ನಿಲ್ಲುವುದು. ಎಷ್ಟು ಉಜ್ಜಿದರೂ ಅದು ಹೋಗದು. ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡ್ ನಾಶವಾಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವೇ ಹೆಚ್ಚುವುದು. ಹೀಗಿರಲು ಬಾಲಕನ ತಪ್ಪೇನು? ಹಲ್ಲುಜ್ಜುವ ಪ್ರಶ್ನೆಯನ್ನು ಕೇಳುವವರು ಆ ಮನೆಯ ನೀರನ್ನೂ ಪರೀಕ್ಷೆಗೆ ಕಳುಹಿಸಬೇಕು.

ನಿದ್ರೆಯ ವಿಷಯವೂ ಹೀಗೆಯೇ. ತರಗತಿಯಲ್ಲಿ ತೂಕಡಿಸುವ ಮಗುವನ್ನು ಕಂಡರೆ ಮೊಬೈಲ್ ಫೋನನ್ನು ದೂಷಿಸುತ್ತೇವೆ. ಅದು ಅನೇಕ ವೇಳೆ ನಿಜವೂ ಹೌದು. ಆದರೆ ಶಿಡ್ಲಘಟ್ಟ ತಾಲ್ಲೂಕು ರೇಷ್ಮೆಯ ನಾಡು. ನಾಲ್ಕನೆಯ ಜ್ವರದಿಂದೆದ್ದ ಹುಳು ಎಷ್ಟು ಸೊಪ್ಪನ್ನು ತಿನ್ನುವುದೆಂಬುದನ್ನು ನಿಮಗೆ ನಾನು ಹೇಳಬೇಕಾದುದಿಲ್ಲ. ಆ ವಾರದಲ್ಲಿ ನಸುಕಿನಲ್ಲಿ ಸೊಪ್ಪು ಕೊಯ್ಯುವುದಕ್ಕೂ, ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡುವುದಕ್ಕೂ ಮನೆಯ ಮಕ್ಕಳೆಲ್ಲ ಬೇಕು. ತಾಯಿತಂದೆಗಳ ಕಾಯಕಕ್ಕೆ ಕೈಜೋಡಿಸುವುದು ಒಳ್ಳೆಯದೇ. ಆದರೆ ಬೆಳೆಯುವ ದೇಹಕ್ಕೆ ದಿನಕ್ಕೆ ಎಂಟು ಗಂಟೆಗಳ ನಿದ್ರೆಯಾದರೂ ಬೇಕು. ಆದುದರಿಂದ ಸಮೀಕ್ಷೆಯನ್ನು ಒಂದೇ ಸಲ ಮಾಡಿ ಮುಗಿಸದೆ, ಹುಳುವಿನ ಮನೆಗಳಲ್ಲಿ ಕೆಲಸವಿರುವಾಗಲೊಮ್ಮೆ, ಇಲ್ಲದಿರುವಾಗಲೊಮ್ಮೆ ಕೇಳತಕ್ಕದ್ದು.

ಇನ್ನು ಆಹಾರದ ಮಾತು. ಮಧ್ಯಾಹ್ನದ ಬಿಸಿಯೂಟವೂ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲೂ ಸರ್ಕಾರಿ ಶಾಲೆಗಳಲ್ಲಿ ದೊರೆಯುತ್ತವೆ. ಆದರೆ ಬೆಳಗ್ಗೆ ಬರಿಯ ಟೀ ಕುಡಿದು ಶಾಲೆಗೆ ಬರುವ ಮಕ್ಕಳೆಷ್ಟು ಮಂದಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಊಟದೊಡನೆ ಕುಡಿದ ಟೀ ಆಹಾರದ ಕಬ್ಬಿಣಾಂಶವು ಮೈಗೂಡುವುದಕ್ಕೆ ಅಡ್ಡಿಯಾಗುವುದು. ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆಯ ರಸವು ಸಹಾಯಕವಾಗುವುದು. ನಮ್ಮ ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವು ಅಕ್ಕಿಗಿಂತ ಅನೇಕಪಾಲು ಹೆಚ್ಚು. ಇಂತಹ ಧಾನ್ಯವನ್ನು ಬಡವರ ಅನ್ನವೆಂದು ಕೀಳಾಗಿ ಕಾಣುವುದು ತರವಲ್ಲ.

ಪ್ರಶ್ನಿಸುವ ಕ್ರಮದಲ್ಲಿಯೂ ಎಚ್ಚರಿಕೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಅನೇಕ ದೇಶಗಳ ಶಾಲೆಗಳಲ್ಲಿ 13ರಿಂದ 17 ವರ್ಷದ ವಿದ್ಯಾರ್ಥಿಗಳನ್ನು ವಿಚಾರಿಸುವಾಗ, ಉತ್ತರಪತ್ರದ ಮೇಲೆ ಹೆಸರನ್ನು ಬರೆಯಿಸುವುದಿಲ್ಲ. ನಾವೂ ಹಾಗೆಯೇ ಮಾಡೋಣ. ಹೆಸರು ಬರೆದ ಮಗು ಮೇಷ್ಟರಿಗೆ ಪ್ರಿಯವಾದುದನ್ನು ಬರೆಯುವುದೇ ಹೊರತು ನಿಜವನ್ನು ಬರೆಯದು. ಈ ಸೀಮೆಯಲ್ಲಿ ತೆಲುಗು ಮನೆಮಾತಾದವರು ಬಹುಮಂದಿ. ಪ್ರಶ್ನೆಯ ಅರ್ಥವನ್ನು ಅವರ ಮಾತಿನಲ್ಲಿಯೂ ತಿಳಿಸಬೇಕು. ಶೌಚಾಲಯವು ಸರಿಯಿಲ್ಲದ ಕಾರಣ ದಿನವಿಡೀ ನೀರನ್ನೇ ಕುಡಿಯದ ಹುಡುಗಿಯರಿದ್ದರೆ, ಅವರನ್ನು ಹೆಂಗಸರೇ ಪ್ರತ್ಯೇಕವಾಗಿ ವಿಚಾರಿಸಬೇಕು.

ಮಹನೀಯರೇ, ಮಕ್ಕಳು ಉತ್ತರ ಬರೆದುಕೊಟ್ಟ ಮೇಲೆ ಪರೀಕ್ಷೆಯು ನಮ್ಮದಾಗುತ್ತದೆ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕನ್ನು ಮಾರಬಾರದೆಂದು 2003ರ ಶಾಸನವು ವಿಧಿಸಿತು. ಮಕ್ಕಳ ಕೈಗೆ ಗುಟ್ಕಾ ಸಿಕ್ಕಿತೆಂದರೆ ಅದನ್ನು ಮಾರಿದವನು ಹಿರಿಯನೇ ಅಲ್ಲವೇ? ಕಾಗದಗಳನ್ನು ಕಟ್ಟಿ ಬೀರುವಿನಲ್ಲಿಡುವುದಾದರೆ ಮಕ್ಕಳನ್ನು ಕೇಳಲೇಬಾರದು. ತಿಳಿದುದನ್ನು ಊರ ಮುಂದೆ ಓದಿ, ಶುದ್ಧವಾದ ನೀರು, ಶೌಚಾಲಯ, ಬೆಳಗಿನ ತುತ್ತು ಇವುಗಳಲ್ಲಿ ಒಂದನ್ನಾದರೂ ಈ ವರ್ಷವೇ ನೆರವೇರಿಸುವುದಾದರೆ ಕೇಳೋಣ. ದಾಸೋಹವನ್ನು ಬಲ್ಲ ಈ ಸಭೆಗೆ ಅದು ಅಸಾಧ್ಯವಾದುದಲ್ಲ. ಬಾಯಿಗೆ ಕೈಯಡ್ಡ ಹಿಡಿದ ಆ ಬಾಲಕನಿಗೆ, “ತಪ್ಪು ನಿನ್ನದಲ್ಲ, ಮಗು” ಎಂದು ಮೊದಲು ಹೇಳೋಣ. ಅವನ ತಮ್ಮತಂಗಿಯರ ಹಲ್ಲುಗಳಾದರೂ ಬೆಳ್ಳಗೆ ಬೆಳೆಯುವಂತೆ ಮಾಡೋಣ.