ಗುಳ್ಳೆಯೊಳಗಿನ ಟಿಪ್ಪಣಿ

ಹಾಡನ್ನು ಕೇಳುವುದು ಕಿವಿಯ ಕೆಲಸ. ಅದನ್ನು ಕಣ್ಣಿಗೂ ಒಪ್ಪಿಸಿದ ಮಾಧ್ಯಮಗಳಲ್ಲಿ ಟೆಲಿವಿಷನ್ ಒಂದು. ಅಮೆರಿಕದಲ್ಲಿ 1981ರ ಆಗಸ್ಟ್ 1ರಂದು ಎಂಟಿವಿ ವಾಹಿನಿ ಆರಂಭವಾದಾಗ ಈ ಕೆಲಸ ಹಗಲಿರುಳಿನ ವ್ಯವಹಾರವಾಯಿತು. ಹಾಡಿಗೊಂದು ಕಿರುಚಿತ್ರ, ಅದನ್ನು ಮಾಡಿಸುತ್ತಿದ್ದವರು ಸಾಮಾನ್ಯವಾಗಿ ಧ್ವನಿಮುದ್ರಿಕೆಗಳನ್ನು ಮಾರುವ ಕಂಪೆನಿಯವರು. ಅಂದಮೇಲೆ ಅದು ಕಲೆಯೂ ಹೌದು, ಜಾಹೀರಾತೂ ಹೌದು. ಈ ಇಬ್ಬಗೆಯ ಹುಟ್ಟಿನಿಂದಲೇ ಅದಕ್ಕೊಬ್ಬ ವ್ಯಾಖ್ಯಾನಕಾರ ಬೇಕಾದನೆಂದು ನನಗೆ ತೋರುತ್ತದೆ.

ವ್ಯಾಖ್ಯಾನಕಾರ ಎರಡು ವೇಷಗಳಲ್ಲಿ ಬಂದ. 1993ರಲ್ಲಿ ಮೈಕ್ ಜಡ್ಜ್ ಅವರ 'ಬೀವಿಸ್ ಅಂಡ್ ಬಟ್‌ಹೆಡ್' ಎಂಬ ಕಾರ್ಟೂನ್ ಮಾಲೆ ಅದೇ ಎಂಟಿವಿಯಲ್ಲಿ ತೊಡಗಿತು. ಅದರಲ್ಲಿ ಇಬ್ಬರು ಉಡಾಳ ಹುಡುಗರು ಸೋಫಾದ ಮೇಲೆ ಕುಳಿತು ಹಾಡುಚಿತ್ರಗಳನ್ನು ನೋಡುತ್ತ ಬಾಯಿಗೆ ಬಂದಂತೆ ಹಳಿಯುತ್ತಾರೆ. ಮೆಚ್ಚಿದರೆ ತಲೆ ಕುಣಿಸುತ್ತಾರೆ. ಅವರದು ಅಜ್ಞಾನದ ವಿಮರ್ಶೆ. ಆದರೆ ಮೂಢನ ಬಾಯಿಂದಲೂ ಆಗಾಗ ನಿಜ ಹೊರಬೀಳುವುದುಂಟು. ತಾನು ಬಿತ್ತರಿಸುವ ಸರಕನ್ನು ವಾಹಿನಿಯೇ ಗೇಲಿಮಾಡಿದ ವಿಚಿತ್ರ ಸನ್ನಿವೇಶವದು.

ಎರಡನೆಯದು, 1996ರಲ್ಲಿ ವಿಎಚ್-1 ವಾಹಿನಿಯಲ್ಲಿ ಆರಂಭವಾದ 'ಪಾಪ್-ಅಪ್ ವಿಡಿಯೋ'. ಅದು ಟ್ಯಾಡ್ ಲೋ ಮತ್ತು ವುಡಿ ಥಾಂಪ್ಸನ್ ಎಂಬವರ ಕಲ್ಪನೆ. ಇಲ್ಲಿ ಮಾತಿಲ್ಲ. ಹಾಡು ತನ್ನ ಪಾಡಿಗೆ ಸಾಗುತ್ತಿರುವಾಗ 'ಟಪ್' ಎಂಬ ಸದ್ದಿನೊಡನೆ ಪರದೆಯ ಮೇಲೊಂದು ಗುಳ್ಳೆ ಮೂಡುತ್ತದೆ. ಅದರೊಳಗೆ ಒಂದೆರಡು ಸಾಲಿನ ಸಂಗತಿ: ಚಿತ್ರೀಕರಣದ ದಿನ ಏನಾಯಿತು, ಹಿಂದೆ ಕುಣಿಯುತ್ತಿರುವವರು ಯಾರು, ಇಲ್ಲವೇ ಹಾಡಿಗೆ ನಂಟೇ ಇಲ್ಲದ ಯಾವುದೋ ಲೋಕಜ್ಞಾನ. ಓದಿ ಮುಗಿಸುವಷ್ಟರಲ್ಲಿ ಗುಳ್ಳೆ ಮಾಯ. 2002ರವರೆಗೆ ನಡೆದ ಈ ಕಾರ್ಯಕ್ರಮ 2011ರಲ್ಲಿ ಮರುಹುಟ್ಟು ಪಡೆಯಿತು.

ನಮ್ಮ ಗಮಕ ಸಭೆಗಳನ್ನು ಬಲ್ಲವರಿಗೆ ಇದರ ವಿಶೇಷ ಬೇಗ ಹೊಳೆಯುತ್ತದೆ. ಗಮಕಿ ಪದ್ಯವನ್ನು ವಾಚಿಸಿ ನಿಲ್ಲಿಸಿದ ಮೇಲೆ ವ್ಯಾಖ್ಯಾನಕಾರ ಬಾಯಿ ತೆರೆಯುತ್ತಾನೆ. ಒಬ್ಬರಿಗೊಬ್ಬರು ಎಡೆ ಬಿಟ್ಟುಕೊಡುತ್ತಾರೆ. ಆ ವ್ಯಾಖ್ಯಾನ ಕೇಳುಗನನ್ನು ಮತ್ತೆ ಪದ್ಯದೊಳಕ್ಕೇ ಕರೆದೊಯ್ಯುತ್ತದೆ. ಗುಳ್ಳೆಯಾದರೋ ಹಾಡಿನ ನಡುವೆಯೇ ಎದ್ದು, ನೋಡುವವನನ್ನು ಹಾಡಿನಿಂದಾಚೆಗೆ ಸೆಳೆಯುತ್ತದೆ. ಕಣ್ಣು ಅಕ್ಷರದಲ್ಲಿ ನೆಟ್ಟಾಗ ಕಿವಿ ಅರೆನಿದ್ದೆಗೆ ಜಾರುತ್ತದೆ. ಇದು ರಸಭಂಗವಲ್ಲವೇ ಎಂದು ನೀವು ಕೇಳಬಹುದು.

ರಸಭಂಗವೇ ಸರಿ. ಆದರೆ ಭಂಗವಾದದ್ದು ರಸವೊಂದೇ ಏನು ಎಂಬುದನ್ನೂ ವಿಚಾರಿಸಬೇಕು. ಹಾಡುಚಿತ್ರವು ತಾರೆಯ ಸುತ್ತ ಮಾಯೆಯ ಪ್ರಭಾವಳಿಯೊಂದನ್ನು ಕಟ್ಟುತ್ತದೆ. ಗುಳ್ಳೆಗಳಿಗೆ ಮಾಹಿತಿ ಕಲೆಹಾಕುತ್ತಿದ್ದವರು ಚಿತ್ರದ ನಿರ್ದೇಶಕರನ್ನಷ್ಟೇ ಅಲ್ಲದೆ ತೆರೆಯ ಹಿಂದೆ ದುಡಿದ ಇತರರನ್ನೂ ಮಾತನಾಡಿಸುತ್ತಿದ್ದರು. ಹೀಗಾಗಿ ಪ್ರಭಾವಳಿಯ ಹಿಂದೆ ಹಲವು ಜನರ ಬೆವರು ಇತ್ತೆಂಬುದು ನೋಡುವವರಿಗೆ ತಿಳಿಯಿತು. ಜಾಹೀರಾತಿನ ಮಂಪರು ಕೊಂಚ ಹರಿಯಿತು. ಇದೇನೂ ಸಣ್ಣ ಉಪಕಾರವಲ್ಲ.

ಆದರೂ ಒಂದು ಅಳುಕು ಉಳಿಯುತ್ತದೆ. ಸಂಗತಿ ತಿಳಿಯುವುದೂ ಅರ್ಥ ತಿಳಿಯುವುದೂ ಒಂದೇ ಅಲ್ಲ. ನೂರು ಗುಳ್ಳೆಗಳನ್ನು ಓದಿದವನು ಹಾಡಿನ ಬಗ್ಗೆ ನೂರು ವಿಷಯ ಹೇಳಬಲ್ಲ. ಅದು ತನ್ನನ್ನು ಏಕೆ ಕಲಕಿತೆಂಬುದನ್ನು ಗುಳ್ಳೆಗಳ ಬಲದಿಂದ ಹೇಳಲಾರ. ಈಗಂತೂ ಅಂಗೈಯ ಫೋನಿನಲ್ಲಿ ಹಾಡು ಶುರುವಾಗುವ ಮೊದಲೇ ಅದರ ಕೆಳಗೆ ಸಾವಿರ ಜನರ ಅಭಿಪ್ರಾಯ ಸಾಲುಗಟ್ಟಿರುತ್ತದೆ. ನಮ್ಮ ಮೆಚ್ಚುಗೆ ಮೊಳೆಯುವ ಜಾಗದಲ್ಲಿ ಪರರ ಮೆಚ್ಚುಗೆ ಬಂದು ಕುಳಿತಿರುತ್ತದೆ. ತಾನೇ ಕೇಳಿ ತಾನೇ ತೂಗುವ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟರೆ ಸಹೃದಯನಿಗೆ ಉಳಿಯುವುದೇನು?

ನನ್ನ ವಿನಂತಿ ಇಷ್ಟೇ. ಟಿಪ್ಪಣಿ ಇರಲಿ, ಅದು ಎರಡನೆಯ ಸಲಕ್ಕಿರಲಿ. ಮೊದಲ ಸಲ ಹಾಡೂ ನಾವೂ ಇಬ್ಬರೇ ಇರೋಣ.