ಅತಿಭಾರಾರೋಪಣ: ಕುದುರೆಯ ಬೆನ್ನು, ಶ್ರಾವಕನ ಹೊಣೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ತೃತೀಯ ತೀರ್ಥಂಕರರಾದ ಶ್ರೀ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ ಎಂಬುದು ಸಭಿಕರೆಲ್ಲರಿಗೂ ವಿದಿತವೇ. ಜಿನಬಿಂಬದ ಪೀಠದಲ್ಲಿ ಆ ಮೂಕಪ್ರಾಣಿಗೆ ಸ್ಥಾನ ದೊರೆತಿದೆ. ಬಿಂಬಕ್ಕೆ ಮುಗಿದ ಕೈ ಬಸದಿಯ ಹೊರಗೆ ಬಂದ ಮೇಲೆ ಅದೇ ಪ್ರಾಣಿಯ ವಿಷಯದಲ್ಲಿ ಹೇಗೆ ವರ್ತಿಸುತ್ತದೆ ಎಂಬುದು ಮಾತ್ರ ವಿಚಾರ ಮಾಡತಕ್ಕ ಸಂಗತಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಗೆ ಜಿನಧರ್ಮವೂ ಹೊಸದಲ್ಲ, ಕುದುರೆಯೂ ಹೊಸದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಪ್ರಾಚೀನ ಬಸದಿಗೆ ಹೆಸರಾದ ಊರು. ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ವಾಹನವೇ ಕುದುರೆ. ಒಂದು ಕಾಲದಲ್ಲಿ ಪೇಟೆಯ ಜನರನ್ನೂ ಸರಕನ್ನೂ ಹೊತ್ತು ತಿರುಗಿದ್ದು ಜಟಕಾ ಗಾಡಿ. ಕುರಿಮಂದೆಯೊಡನೆ ಊರೂರು ಅಲೆಯುವ ಕುರಿಗಾರರ ಹಾಸಿಗೆ, ಪಾತ್ರೆ, ಎಳೆಯ ಮರಿಗಳೆಲ್ಲವೂ ಸಣ್ಣ ತಟ್ಟುಗಳ ಬೆನ್ನ ಮೇಲೆ ಸಾಗುತ್ತಿದ್ದವು. ಗಾಡಿಯನ್ನು ಹೊಡೆದವನು ಬಡವ, ನಿಜ. ಆದರೆ ಅದಕ್ಕೆ ಚೀಲ ಹೇರಿಸಿದವನು ವರ್ತಕ. ಆದಕಾರಣ ಈ ಪಾಪದ ಲೆಕ್ಕದಲ್ಲಿ ವರ್ತಕ ಸಮಾಜದ ಪಾಲೂ ಉಂಟು.

ಅಹಿಂಸಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬಿಗಿಯಾಗಿ ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಮೇವು ನೀರು ತಪ್ಪಿಸುವುದು ಎಂದು ಇವುಗಳ ಅರ್ಥ. ಭಾರತ ಸರ್ಕಾರದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮನ್ನು ಓದಿದವರಿಗೆ ಆಶ್ಚರ್ಯವಾಗದಿರದು. ಹೊಡೆಯುವುದು, ಅತಿಯಾಗಿ ಹೇರುವುದು, ಗಿಡ್ಡ ಹಗ್ಗದಲ್ಲಿ ಬಹುಕಾಲ ಕಟ್ಟಿಹಾಕುವುದು, ಅಂಗಚ್ಛೇದ ಮಾಡುವುದು, ಆಹಾರ ನೀರು ಕೊಡದಿರುವುದು ಇವೆಲ್ಲವೂ ಅಲ್ಲಿ ಅಪರಾಧಗಳು. ಶ್ರಾವಕಾಚಾರವು ಅತಿಚಾರವೆಂದದ್ದನ್ನೇ ರಾಜ್ಯಶಾಸನವು ಅಪರಾಧವೆಂದಿದೆ.

ಈ ಕಾಯಿದೆ ತಾನಾಗಿ ಬಂದುದಲ್ಲ. ರಾಜ್ಯಸಭೆಯ ನಾಮಕರಣ ಸದಸ್ಯೆಯಾಗಿದ್ದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಕಾಯಿದೆ ತರುವುದೆಂದು ಪ್ರಧಾನಿ ನೆಹರೂ ಆಶ್ವಾಸನೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. 1962ರಲ್ಲಿ ಸ್ಥಾಪಿತವಾದ ಪ್ರಾಣಿ ಕಲ್ಯಾಣ ಮಂಡಲಿಗೆ ಅವರೇ ಮೊದಲ ಅಧ್ಯಕ್ಷೆಯಾದರು. ಒಬ್ಬರ ಹಟ ಇಡೀ ದೇಶಕ್ಕೆ ನಿಯಮವಾಯಿತು.

1965ರ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಎಳೆಯುವ, ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆ ಮೀರಕೂಡದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಕೂಡದು. ಮುಳ್ಳಿರುವ ಕಡಿವಾಣವನ್ನು ಬಳಸಕೂಡದು. ತಟ್ಟುವಿನ ಬೆನ್ನಿಗೆ 70 ಕಿಲೋ, ಕತ್ತೆಯ ಬೆನ್ನಿಗೆ 50 ಕಿಲೋ ಮಿತಿ. ಅಂದರೆ ಅಂಗಡಿಯ ಒಂದು ಕ್ವಿಂಟಾಲ್ ಚೀಲವನ್ನು ತಟ್ಟುವಿನ ಮೇಲೆ ಹೇರಿದೊಡನೆ 30 ಕಿಲೋ ಅತಿಭಾರಾರೋಪಣವಾಯಿತು. ತಕ್ಕಡಿ ಹಿಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಶಿಕ್ಷೆಯನ್ನು ನೋಡಿದರೆ ಮನಸ್ಸು ಕುಗ್ಗುತ್ತದೆ. ಮೊದಲ ಅಪರಾಧಕ್ಕೆ ಕಾಯಿದೆ ಗೊತ್ತುಮಾಡಿದ ಜುಲ್ಮಾನೆ 10 ರೂಪಾಯಿಯಿಂದ 50 ರೂಪಾಯಿ. ಅಂದು ಅದು ಭಾರವಾದ ಮೊತ್ತ. ಇಂದು ಒಂದು ಹೊತ್ತಿನ ಉಪಾಹಾರಕ್ಕೂ ಸಾಲದು. 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಇಂಥ ಸಂದರ್ಭಗಳಲ್ಲಿ ಊರೂರಿನ ಜೈನ ಸಂಘಗಳಿಂದ ಠರಾವುಗಳು ಹೋಗಬೇಕು. ಅಹಿಂಸೆಯನ್ನು ಪೂಜೆಯಲ್ಲಿ ಮಾತ್ರ ಉಚ್ಚರಿಸಿ, ಅಭಿಪ್ರಾಯ ಕೇಳಿದಾಗ ಮೌನವಾಗಿರುವುದು ಸಮಾಜಕ್ಕೆ ಶೋಭೆಯಲ್ಲ.

ಕುದುರೆಯ ಒಡೆಯನನ್ನು ಶತ್ರುವೆಂದು ಬಗೆಯುವುದೂ ಸಲ್ಲದು. 2015ರಲ್ಲಿ ಮುಂಬಯಿ ಹೈಕೋರ್ಟು ವಿಕ್ಟೋರಿಯಾ ಕುದುರೆ ಸಾರೋಟುಗಳನ್ನು ನಿಲ್ಲಿಸಲು ಆದೇಶಿಸಿದಾಗ, ಅವನ್ನು ನಂಬಿದ ಕುಟುಂಬಗಳ ಪುನರ್ವಸತಿಯನ್ನೂ ಸರ್ಕಾರಕ್ಕೆ ವಹಿಸಿತು. ಕುದುರೆಗೆ ದಯೆ ತೋರಿ ಅದರ ಒಡೆಯನನ್ನು ಉಪವಾಸ ಕೆಡಹುವುದು ಧರ್ಮವಾಗದು. ಹಾಗೆಯೇ ಬೆಂಗಳೂರು, ಮೈಸೂರುಗಳ ಪಂದ್ಯದ ಕುದುರೆಗಳ ಪ್ರಶ್ನೆಯೂ ಇದೆ. ಗೆದ್ದಷ್ಟು ದಿನ ಮಾತ್ರ ಅದಕ್ಕೆ ಬೆಲೆ ಎಂಬ ನೀತಿ ಕ್ರೂರವಾದುದು. ಓಟ ಮುಗಿದ ಕುದುರೆಯ ಕೊನೆಯವರೆಗಿನ ಪೋಷಣೆಗೆ ಪಂದ್ಯದ ಆದಾಯದಲ್ಲೇ ಒಂದು ಪಾಲನ್ನು ತೆಗೆದಿಡಬೇಕೆಂಬ ನಿಯಮವನ್ನು ಕೇಳುವುದು ನ್ಯಾಯ.

ಇನ್ನು ಮನೆಯೊಳಗಿನ ಮಾತು. ಪಂಚಕಲ್ಯಾಣದ ಮೆರವಣಿಗೆಗೆ ಬಾಡಿಗೆಯ ಕುದುರೆ ತರುವ ವಾಡಿಕೆ ಅನೇಕ ಕಡೆ ಇದೆ. ವೈಶಾಖದ ಬಿಸಿಲಲ್ಲಿ, ವಾದ್ಯ ಮದ್ದುಗಳ ಸದ್ದಿನ ನಡುವೆ, ಅಲಂಕಾರದ ಕೆಳಗೆ ಗಾಯ ಮುಚ್ಚಿಕೊಂಡು ಬಾಯಲ್ಲಿ ನೊರೆ ಸುರಿಸುತ್ತ ನಿಂತ ಕುದುರೆಯನ್ನು ಕಂಡವರು ಈ ಸಭೆಯಲ್ಲಿಯೂ ಇರಬಹುದು. ವಿವಾಹದ ದಿಬ್ಬಣದಲ್ಲಿ ಬರುತ್ತಿದ್ದ ನೇಮಿಕುಮಾರರು ಕಟ್ಟಿಹಾಕಿದ ಪ್ರಾಣಿಗಳ ಆಕ್ರಂದನ ಕೇಳಿ ಹಿಂದಿರುಗಿದರು. ಆ ನೇಮಿನಾಥರ ಕಥೆಯನ್ನು ಭಕ್ತಿಯಿಂದ ಕೇಳುವ ಸಮಾಜದ ದಿಬ್ಬಣದಲ್ಲಿಯೇ ಪ್ರಾಣಿ ನರಳಿದರೆ ಆ ಶ್ರವಣದ ಫಲವೇನು?

ಆದುದರಿಂದ ಐದೂ ತಾಲ್ಲೂಕುಗಳ ಸಂಘಗಳು ಕೆಲವು ಕಾರ್ಯಗಳನ್ನು ಕೈಗೊಳ್ಳುವುದು ಉಚಿತ. ಉತ್ಸವದ ಮೆರವಣಿಗೆಯಲ್ಲಿ ಪ್ರಾಣಿಯನ್ನು ಬಿಡಬೇಕು. ಬಿಡಲಾಗದಿದ್ದರೆ ಪಶುವೈದ್ಯರ ಪರೀಕ್ಷೆ, ನೆರಳು, ನೀರು ಇವಿಲ್ಲದೆ ತರಕೂಡದು. ಮೈಲಾರ, ಕೊಟ್ಟೂರು ಮೊದಲಾದ ಜಾತ್ರೆಗಳ ದಾರಿಯಲ್ಲಿ ನೀರಿನ ತೊಟ್ಟಿಗಳನ್ನು ಕಟ್ಟಿಸಬೇಕು. ಜಿಲ್ಲೆಗೊಂದು ಪ್ರಾಣಿದಯಾ ಸಂಘವಿರಬೇಕೆಂದು 2001ರ ನಿಯಮ ಹೇಳುತ್ತದೆ. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಅದು ಎಚ್ಚರದಿಂದ ಕೆಲಸ ಮಾಡುವಂತೆ ಜಿಲ್ಲಾಡಳಿತವನ್ನು ಪ್ರಾರ್ಥಿಸಬೇಕು. ಮುದಿಯಾದ ಕುದುರೆಗೂ ಪಾಂಜರಪೋಳದಲ್ಲಿ ಒಂದು ಗೂಟ ಮೀಸಲಿಡಬೇಕು.

ಪ್ರತಿಷ್ಠೆಗೊಂಡ ಬಿಂಬದ ಎದುರು ನಿಂತು ಪ್ರತಿಯೊಬ್ಬ ಶ್ರಾವಕನೂ, ತನ್ನ ಲಾಭಕ್ಕಾಗಿ ಯಾವ ಬೆನ್ನಿನ ಮೇಲೂ ಮಿತಿಮೀರಿದ ಭಾರ ಬೀಳಬಾರದೆಂಬ ನಿಯಮವನ್ನು ಇಂದೇ ಸ್ವೀಕರಿಸಲಿ. ಸಕಲ ಜೀವಿಗಳಿಗೂ ಮಂಗಳವಾಗಲಿ.