ಪರಸ್ಥಳದಲ್ಲಿ ಬಾಡಿಗೆ ಮನೆ

(ಬೆಂಗಳೂರಿಗೆ ಕೆಲಸಕ್ಕೆ ಹೊರಟಿರುವ ನಮ್ಮ ಜಿಲ್ಲೆಯ ಯುವಕ ಯುವತಿಯರ ಎದುರಿಗೆ ಆಡಿದ ಮಾತುಗಳು)



ನಿಮ್ಮಲ್ಲಿ ಹಲವರಿಗೆ ಕೆಲಸದ ಕಾಗದ ಬಂದಿದೆ. ಕೆಲವರಿಗೆ ಪೀಣ್ಯ, ಕೆಲವರಿಗೆ ಬೊಮ್ಮಸಂದ್ರ. ಹೆಣ್ಣುಮಕ್ಕಳಲ್ಲಿ ಬಹುಮಂದಿಗೆ ಗಾರ್ಮೆಂಟ್ಸ್ ಕಾರ್ಖಾನೆ. ಸಂಬಳವೆಷ್ಟು ಎಂದರೆ ಎಲ್ಲರೂ ಥಟ್ಟನೆ ಹೇಳುತ್ತೀರಿ. ಇಳಿದುಕೊಳ್ಳುವುದು ಎಲ್ಲಿ ಎಂದರೆ, "ಹೋದ ಮೇಲೆ ನೋಡಿದರಾಯಿತು" ಎನ್ನುತ್ತೀರಿ. ಸಂಬಳವನ್ನು ಕಾರ್ಖಾನೆಯವನು ನಿಗದಿ ಮಾಡುತ್ತಾನೆ, ಸರಿ. ಆದರೆ ಅದರಲ್ಲಿ ನಿಮ್ಮ ಕೈಗೆ ಉಳಿಯುವುದೆಷ್ಟು ಎಂಬುದನ್ನು ನಿಗದಿ ಮಾಡುವವನು ಮನೆಯ ಮಾಲೀಕ.

ನಾವೂ ಒಂದು ಕಾಲಕ್ಕೆ ಹಾಗೆಯೇ ಹೋದವರು. ಹೆಗ್ಗನಹಳ್ಳಿಯ ಆಚೆ ಒಂದು ಮನೆ ನೋಡಿದೆವು. ನೋಡಿದ್ದು ಭಾನುವಾರ ಮಧ್ಯಾಹ್ನ. ರಸ್ತೆ ಖಾಲಿ, ಕಾರ್ಖಾನೆಗಳ ಸದ್ದಿಲ್ಲ, ಮಾಲೀಕರ ಮನೆಯಾಕೆ ಕಾಫಿಯನ್ನೂ ಕೊಟ್ಟರು. ಅಲ್ಲಿಯೇ ಮುಂಗಡ ಎಣಿಸಿದೆವು. ಸೋಮವಾರ ಬೆಳಗ್ಗೆ ಏಳು ಗಂಟೆಗೆ ನೋಡಿದರೆ, ಅದು ಬೇರೆಯೇ ಬಡಾವಣೆ! ಬಸ್ಸಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ, ಪಕ್ಕದಲ್ಲಿ ಲೋಹಕ್ಕೆ ಮುಲಾಮು ಹಾಕುವ ಶೆಡ್ಡಿನ ವಾಸನೆ, ನಲ್ಲಿಯ ಮುಂದೆ ಹನ್ನೊಂದು ಮನೆಯವರ ಕೊಡಗಳ ಸಾಲು. ಆದುದರಿಂದ ನಮ್ಮ ಮೊದಲನೆಯ ಮಾತು ಇಷ್ಟೇ: ರಜೆಯ ದಿನ ಮನೆ ನೋಡಬೇಡಿ. ಕೆಲಸದ ದಿನ ಬೆಳಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ಹೋಗಿ. ಹೆಣ್ಣುಮಕ್ಕಳಂತೂ ಬಸ್ಸಿನಿಂದ ಇಳಿದು ಬಾಗಿಲವರೆಗಿನ ದಾರಿಯನ್ನು ಕತ್ತಲಲ್ಲಿ ನಡೆದು ನೋಡಲೇಬೇಕು. ಮಾಲೀಕನನ್ನು ಕೇಳುವುದಕ್ಕಿಂತ ನಲ್ಲಿಯ ಬಳಿ ನಿಂತ ಹೆಂಗಸರನ್ನು ಕೇಳಿ. ಐದು ನಿಮಿಷದಲ್ಲಿ ಇಡೀ ಬೀದಿಯ ಚರಿತ್ರೆ ತಿಳಿಯುತ್ತದೆ.

ದೂರದ ಅಗ್ಗದ ಮನೆ ಮೇಲೋ, ಹತ್ತಿರದ ದುಬಾರಿ ಮನೆ ಮೇಲೋ ಎಂದು ಎಲ್ಲರೂ ಕೇಳುತ್ತಾರೆ. ಒಂದು ಲೆಕ್ಕ ಹಾಕೋಣ. ಕಾರ್ಖಾನೆಗೆ ನಡೆದು ಹೋಗುವಷ್ಟು ದೂರದಲ್ಲಿ ಏಳು ಸಾವಿರದ ಮನೆಯೆಂದಿಟ್ಟುಕೊಳ್ಳಿ. ದೂರದಲ್ಲಿ ನಾಲ್ಕೂವರೆ ಸಾವಿರದ್ದು. ಉಳಿತಾಯ 2,500 ರೂಪಾಯಿ. ದೂರದ ಮನೆಯಿಂದ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ತಿಂಗಳಿಗೆ 26 ದಿನವೆಂದರೆ 78 ಗಂಟೆ. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತು ದಿನದ ದುಡಿಮೆಯನ್ನು ನೀವು ಬಸ್ಸಿನಲ್ಲಿ ನಿಂತು ಕಳೆಯುತ್ತೀರಿ. ಗಂಟೆಗೆ ಬಿದ್ದದ್ದು ಮೂವತ್ತೆರಡು ರೂಪಾಯಿ! ಅದರಲ್ಲಿ ಬಸ್ಸಿನ ಚಾರ್ಜನ್ನೂ ಕಳೆಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸಿನ ಚಾರ್ಜು ತಪ್ಪಿತು. ಇದು ದುಡಿಯುವ ಹೆಣ್ಣಿಗೆ ಆದ ಉಪಕಾರ, ಇಲ್ಲವೆನ್ನುವುದಿಲ್ಲ. ಆದರೆ ಹೊತ್ತನ್ನು ಯಾವ ಸರ್ಕಾರವೂ ಹಿಂದಿರುಗಿಸಲಾರದು. ಮೆಟ್ರೋ ಇದೆಯಲ್ಲ ಎನ್ನುವಿರಿ. ಇದೆ. 2024ರ ನವೆಂಬರ್‌ನಲ್ಲಿ ಅದು ನಾಗಸಂದ್ರದಿಂದ ಮಾದಾವರದವರೆಗೆ ಬೆಳೆಯಿತು, 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೂ ಹೋಯಿತು. ಆದರೆ 2025ರ ಫೆಬ್ರುವರಿಯಲ್ಲಿಯೇ ಅದರ ಅತಿ ಹೆಚ್ಚಿನ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದರು. ನಿಲ್ದಾಣ ಬಂದ ಬೀದಿಯಲ್ಲಿ ಬಾಡಿಗೆಯೂ ರೈಲಿನ ವೇಗದಲ್ಲಿಯೇ ಏರುತ್ತದೆ.

ಇನ್ನು ಮುಂಗಡ. ಹತ್ತು ತಿಂಗಳ ಬಾಡಿಗೆಯನ್ನು ಮುಂಚಿತವಾಗಿ ಇಡಬೇಕೆಂಬುದು ಬೆಂಗಳೂರಿನ ಹಳೆಯ ರೂಢಿ. ಈಚೆಗೆ ಕೆಲವರು ಕಡಿಮೆಗೂ ಒಪ್ಪುತ್ತಾರೆ, ಎಲ್ಲರೂ ಅಲ್ಲ. ಏಳು ಸಾವಿರದ ಮನೆಗೆ ಎಪ್ಪತ್ತು ಸಾವಿರ. ನಿಮ್ಮ ಅಪ್ಪ ಅದನ್ನು ಎಲ್ಲಿಂದ ತರುತ್ತಾನೆ? ಅಡಿಕೆ ಮಂಡಿಯಿಂದಲೋ ಕೈಸಾಲದವನಿಂದಲೋ, ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ತಿಂಗಳಿಗೆ 2,100 ರೂಪಾಯಿ ಬಡ್ಡಿ. ಅಲ್ಲಿಗೆ ನಿಮ್ಮ ನಿಜವಾದ ಬಾಡಿಗೆ ಏಳು ಸಾವಿರವಲ್ಲ, ಒಂಬತ್ತು ಸಾವಿರದ ನೂರು. ಮಾಲೀಕನು ಆ ಎಪ್ಪತ್ತು ಸಾವಿರಕ್ಕೆ ಬಡ್ಡಿ ಕೊಡುವುದಿಲ್ಲ. ಬಿಡುವಾಗ ಸುಣ್ಣ ಬಣ್ಣದ ಬಾಬ್ತೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾನೆ. ಬಡವನ ದುಡ್ಡಿನಿಂದ ಇನ್ನೊಂದು ಅಂತಸ್ತು ಏಳುತ್ತದೆ, ಆ ಅಂತಸ್ತಿಗೆ ಇನ್ನೊಬ್ಬ ಬಡವ ಬರುತ್ತಾನೆ. ಆದುದರಿಂದ ಬಾಡಿಗೆ ಸ್ವಲ್ಪ ಹೆಚ್ಚಾದರೂ ಮುಂಗಡ ಕಡಿಮೆ ಕೇಳುವ ಕಡೆಗೆ ಮೊದಲು ಹೋಗಿ. ಕೊಡುವುದನ್ನು ಬ್ಯಾಂಕಿನ ಮೂಲಕವೇ ಕೊಡಿ.

ಕಾನೂನು ಇಲ್ಲವೇ ಎಂದು ಕೇಳಬಹುದು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಇತ್ತು. ಅದನ್ನು ತೆಗೆದು 1999ರ ಕಾಯಿದೆ ತಂದರು. ಅದರಲ್ಲಿ, ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟರು. ಈಗ ಆ ಬಾಡಿಗೆಗೆ ಸಿಗುವ ಮನೆಯನ್ನು ಯಾರಾದರೂ ತೋರಿಸಿದರೆ ನಾವೇ ಹೋಗಿ ನೋಡುತ್ತೇವೆ. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಕಾಯಿದೆ ಮಾಡಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಬರೆಯಿತು. ಆದರೆ ಮಾದರಿ ಎಂದರೆ ಮಾದರಿಯೇ. ರಾಜ್ಯ ತನ್ನ ಕಾನೂನು ಮಾಡಿಕೊಳ್ಳದೆ ಅದು ಯಾವ ಮಾಲೀಕನ ಬಾಗಿಲನ್ನೂ ತಟ್ಟುವುದಿಲ್ಲ. ಕರಾರು ಪತ್ರ ಹನ್ನೊಂದೇ ತಿಂಗಳಿಗೆ ಏಕೆ ಗೊತ್ತೇ? ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೆ. ಹನ್ನೊಂದು ತಿಂಗಳಿಗಾದರೂ ಪತ್ರ ಬರೆಯಿಸಿಕೊಳ್ಳದೆ ಕಾಲಿಡಬೇಡಿ. ಗೃಹಜ್ಯೋತಿಯ ವಿದ್ಯುತ್ತನ್ನು ಬಾಡಿಗೆದಾರನೂ ಪಡೆಯಬಹುದು, ಆದರೆ ಮನೆಗೆ ಬೇರೆ ಮೀಟರು ಇರಬೇಕು. ಹತ್ತು ಮನೆಗೆ ಒಂದೇ ಮೀಟರಿಟ್ಟು, ಒಳಗೆ ಮಾಲೀಕನೇ ಮರಿ ಮೀಟರು ಕೂರಿಸಿ ಯೂನಿಟ್ಟಿಗೆ ಮನಸ್ಸಿಗೆ ಬಂದಷ್ಟು ವಸೂಲು ಮಾಡುವ ವಠಾರಗಳುಂಟು. ಮೀಟರಿನ ಪೆಟ್ಟಿಗೆಯನ್ನು ಕಣ್ಣಾರೆ ನೋಡಿ.

ನೀರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರು ಪಟ್ಟ ಪಾಡನ್ನು ನೀವೂ ಕೇಳಿದ್ದೀರಿ. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ, ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದು ಆರಂಭವಾಯಿತು. ಕೊಳವೆ ಬಂದಿರುವುದೂ ನೀರು ಬರುವುದೂ ಒಂದೇ ಅಲ್ಲ. ಮಾರ್ಚಿಯಲ್ಲಿ ಟ್ಯಾಂಕರಿನ ದುಡ್ಡು ಯಾರು ಕೊಡುವುದು ಎಂದು ಮೊದಲೇ ಕೇಳಿ. ಮಳೆಗಾಲದಲ್ಲಿ ಹೋದರೆ ಗೋಡೆಯ ಬುಡ ನೋಡಿ. ರಾಜಕಾಲುವೆಯ ಪಕ್ಕದ ಮನೆಗೆ ಎಷ್ಟು ಬಣ್ಣ ಬಳಿದರೂ ನೀರು ನಿಂತ ಗೆರೆ ಮತ್ತೆ ಮೇಲೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಶ್ರೀಮಂತರ ಬಡಾವಣೆಗಳಿಂದಲೇ ಜನರನ್ನು ಟ್ರಾಕ್ಟರಿನಲ್ಲಿ ಸಾಗಿಸಬೇಕಾಯಿತು. ಕೆರೆಗೆ ತನ್ನ ಜಾಗದ ನೆನಪಿರುತ್ತದೆ.

ಇಷ್ಟೆಲ್ಲ ಲೆಕ್ಕದ ಮಾತು. ಲೆಕ್ಕಕ್ಕೆ ಸಿಗದ್ದೊಂದಿದೆ. ಮನೆ ಕೇಳಲು ಹೋದಾಗ ಎರಡನೆಯ ಪ್ರಶ್ನೆಯಾಗಿ ಅದು ಬರುತ್ತದೆ: "ನೀವು ಯಾವ ಜನ?" ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಬೋರ್ಡು ತೂಗಿಸಿ ಕೇಳುವ ಶ್ರಮ ಉಳಿಸಿಕೊಳ್ಳುತ್ತಾರೆ.

1917ರಲ್ಲಿ ಅಂಬೇಡ್ಕರರು ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಯಿಸಿ ತಂಗಿದರು. ಹನ್ನೊಂದನೆಯ ದಿನ ಬೆಳಗ್ಗೆ ದೊಣ್ಣೆ ಹಿಡಿದ ಗುಂಪು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದಿತು. ಹಿಂದೂ ಸ್ನೇಹಿತರೊಬ್ಬರನ್ನು ಕೇಳಿದರು, ಕ್ರೈಸ್ತ ಸ್ನೇಹಿತರೊಬ್ಬರನ್ನು ಕೇಳಿದರು. ಇಬ್ಬರ ಮನೆಯಲ್ಲಿಯೂ ಜಾಗವಾಗಲಿಲ್ಲ. ಸಾರ್ವಜನಿಕ ಉದ್ಯಾನವೊಂದರಲ್ಲಿ ಹೊತ್ತು ಕಳೆದು, ರಾತ್ರಿಯ ರೈಲಿಗೆ ಮುಂಬಯಿಗೆ ಹಿಂದಿರುಗಿದರು. ಕೆಲಸವಿತ್ತು, ಮನೆ ಇರಲಿಲ್ಲ.

ಅದು ಅಂದಿನ ಕಥೆ ಎನ್ನುವವರಿಗೆ ನಮ್ಮದೇ ಕಥೆ ಹೇಳುತ್ತೇವೆ. ಹೆಗ್ಗನಹಳ್ಳಿಯ ಮನೆ ಬಿಟ್ಟ ಮೇಲೆ ನಾವೂ, ನಮ್ಮ ಪಾಳಿಯ ಗೆಳೆಯನೂ ಲಗ್ಗೆರೆಯಲ್ಲಿ ಒಂದೇ ಮನೆಯನ್ನು ಬೇರೆ ಬೇರೆ ದಿನ ನೋಡಿದೆವು. ಅವನು ಮೊದಲು ಹೋಗಿದ್ದ. ಅವನಿಗೆ "ನೆಂಟರು ಬರುತ್ತಾರೆ, ಕೊಡುವುದಿಲ್ಲ" ಎಂದರಂತೆ. ನಮ್ಮನ್ನು ಪ್ರಶ್ನೆ ಕೇಳಿದರು, ಉತ್ತರ ಹೇಳಿದೆವು, ಬೀಗದ ಕೈ ಬಂತು. ಐನೂರು ರೂಪಾಯಿ ಕಡಿಮೆಯನ್ನೂ ಮಾಡಿದರು. ಸಂಗತಿ ಗೊತ್ತಾದದ್ದು ಅವನನ್ನು ಊಟಕ್ಕೆ ಕರೆದ ದಿನ. ಬಾಗಿಲವರೆಗೆ ಬಂದು, ಮನೆಯ ಗುರುತು ಹಿಡಿದು, ಒಳಗೆ ಬರದೆ ನಿಂತ. "ಇದೇ ಮನೇನಾ?" ಎಂದ, ಅಷ್ಟೆ. ಆ ಮನೆಯನ್ನು ಆಗಲೇ ಬಿಟ್ಟೆವೆಂದು ಹೇಳಿದರೆ ನಿಮಗೆ ಸಂತೋಷವಾದೀತು, ಬಿಡಲಿಲ್ಲ. ಮುಂಗಡ ಸಿಕ್ಕಿಬಿದ್ದಿತ್ತು, ಎರಡು ವರ್ಷ ಅಲ್ಲಿಯೇ ಇದ್ದೆವು. ಅವನು ಆಮೇಲೆ ಚೊಕ್ಕಸಂದ್ರದಲ್ಲಿ ಮನೆ ಹಿಡಿದ. ನಮ್ಮನ್ನು ಊಟಕ್ಕೆ ಕರೆದ, ಹೋದೆವು.

ಅದಕ್ಕಾಗಿ ಕೇಳಿಕೊಳ್ಳುವುದೇನೆಂದರೆ, ಮನೆ ಹುಡುಕಲು ಒಬ್ಬೊಬ್ಬರೇ ಹೋಗಬೇಡಿ. ಈ ಸಭೆಯಲ್ಲಿ ಎಲ್ಲ ಕೇರಿಯವರೂ ಇದ್ದೀರಿ. ಹೊರಡುವಾಗಲೇ ಮೂವರು ನಾಲ್ವರು ಕೂಡಿಕೊಳ್ಳಿ. ಪ್ರಶ್ನೆ ಬಂದರೆ, ಉತ್ತರ ಹೇಳಿದರೆ ಮನೆ ಸಿಗುವವನೇ ಮೊದಲು ಉತ್ತರ ಹೇಳಲು ನಿರಾಕರಿಸಲಿ. ಹಾಗೆ ಮಾಡಿದರೆ ನಾಲ್ಕು ಮನೆ ತಪ್ಪಿಹೋಗಬಹುದು. ಐದನೆಯದಕ್ಕೆ ನಡೆಯಿರಿ.

ನಮ್ಮ ಪರಿಚಯದ ಇಬ್ಬರು ದಾಸರಹಳ್ಳಿಯಲ್ಲಿ ಒಂದು ದೊಡ್ಡ ಕೋಣೆ ಹಿಡಿದಿದ್ದಾರೆ. ಇನ್ನೂ ಮೂರು ಗಂಡುಮಕ್ಕಳಿಗೆ ಒಂದು ತಿಂಗಳ ಮಟ್ಟಿಗೆ ಜಾಗವಿದೆಯೆಂದು ತಿಳಿಸಿದ್ದಾರೆ. ಹೆಣ್ಣುಮಕ್ಕಳಿಗೆ ಬೊಮ್ಮನಹಳ್ಳಿಯಲ್ಲಿ ವಿಚಾರಿಸುತ್ತಿದ್ದೇವೆ. ಬುಧವಾರದ ರಾತ್ರಿ ರೈಲಿಗೆ ಹೊರಡುವವರು ಸಭೆ ಮುಗಿದ ಮೇಲೆ ಹೆಸರು ಬರೆಯಿಸಿ. ಚಾಪೆ, ಒಂದು ಕೊಡ ಜೊತೆಗಿರಲಿ.